ಮುದಿ ತಟ್ಟು ಕುದುರೆಯನ್ನು ಬೀಳ್ಕೊಡುವ ಬಗೆ

ಆದವಾನಿಯ ರೈಲು ನಿಲ್ದಾಣದಲ್ಲಿ ಇಳಿದವರು ಊರೊಳಗೆ ಹೋಗಬೇಕಾದರೆ ಜಟಕಾ ಹತ್ತುತ್ತಿದ್ದ ಕಾಲ ಒಂದಿತ್ತು. 1871ರಲ್ಲಿ ಮದರಾಸು ಕಡೆಯ ರೈಲುದಾರಿ ರಾಯಚೂರಿನಲ್ಲಿ ಮುಂಬಯಿ ಕಡೆಯ ದಾರಿಯನ್ನು ಕೂಡಿಕೊಂಡಿತು. ಆ ದಾರಿಯ ಮೇಲಿದ್ದ ನಮ್ಮ ಆದವಾನಿಗೆ ಹತ್ತಿಯ ವ್ಯಾಪಾರದಿಂದ ಕಳೆ ಬಂದಿತು. ನಿಲ್ದಾಣದಿಂದ ಪೇಟೆಗೆ, ಪೇಟೆಯಿಂದ ಬೀಗರ ಮನೆಗೆ, ಹೆರಿಗೆಯ ಹೆಣ್ಣುಮಗಳನ್ನು ಆಸ್ಪತ್ರೆಗೆ, ಹೀಗೆ ಜನರನ್ನು ಹೊತ್ತು ತಿರುಗಿದ ಪ್ರಾಣಿ ಒಂದೇ. ಅದು ನಮ್ಮ ತಟ್ಟು ಕುದುರೆ. ಆಟೋ ಬಂದ ಮೇಲೆ ಜಟಕಾ ಮೂಲೆ ಸೇರಿತು. ಗಾಡಿಯ ಮರವನ್ನು ಸೌದೆಗೆ ಹಾಕಿದೆವು, ಗಾಲಿಯ ಕಬ್ಬಿಣವನ್ನು ಗುಜರಿಗೆ ಕೊಟ್ಟೆವು. ಆದರೆ ಕುದುರೆಯನ್ನು ಏನು ಮಾಡಬೇಕು? ಈ ಪ್ರಶ್ನೆಗೆ ನಮ್ಮಲ್ಲಿ ಬಹಳ ಮಂದಿ ಉತ್ತರ ಕೊಡದೆ ಹಗ್ಗವನ್ನಷ್ಟೇ ಬಿಚ್ಚಿಬಿಟ್ಟರು.

ಅಂತಹ ಕುದುರೆಗಳನ್ನು ವಾಚಕರು ಕಂಡೇ ಇರುತ್ತೀರಿ. ತರಕಾರಿ ಮಾರುಕಟ್ಟೆಯ ಹಿಂದೆ ಕೊಳೆತ ಸೊಪ್ಪನ್ನು ಮೂಸುತ್ತ, ಬೆನ್ನಿನ ಮೂಳೆ ಎದ್ದು, ಗೊರಸು ಬೆಳೆದು ಚಪ್ಪಲಿಯಂತೆ ಮುಂದಕ್ಕೆ ಬಾಗಿ, ನಡುಬೀದಿಯಲ್ಲಿ ನಿಂತಿರುತ್ತವೆ. ದನ ಮುದಿಯಾದರೆ ಏನು ಮಾಡಬೇಕೆಂಬ ವಿಷಯದಲ್ಲಿ ಊರಿಗೊಂದು ಮಾತು ಉಂಟು, ಮನೆಗೊಂದು ರೂಢಿ ಉಂಟು. ಮುದಿ ಕುದುರೆಯ ಬಗ್ಗೆ ಮಾತ್ರ ಯಾರೂ ಏನೂ ಹೇಳಿಕೊಟ್ಟಿಲ್ಲ. ಆದುದರಿಂದ ಈ ವಾರ ಈ ಪುಟದಲ್ಲಿ, ಮನೆಯ ತಟ್ಟು ಕುದುರೆ ಮುದಿಯಾದಾಗ ಅದರ ಕಡೆಯ ದಿನಗಳನ್ನು ಹೇಗೆ ಸಾಗಿಸಬೇಕು, ಯಾವಾಗ ಕೈಬಿಡಬೇಕು, ಹೇಗೆ ಮಣ್ಣು ಮಾಡಬೇಕು ಎಂಬುದನ್ನು ತಿಳಿದಮಟ್ಟಿಗೆ ಬರೆಯಬೇಕೆಂದು ಮನಸ್ಸು ಮಾಡಿದ್ದೇವೆ.

ಚಿಕ್ಕ ಮೈ, ಗಟ್ಟಿ ಜೀವ

ತಟ್ಟು ಎಂದರೆ ಬೆಳೆಯದೆ ಉಳಿದ ಕುದುರೆಯಲ್ಲ, ಅದೊಂದು ಬೇರೆ ಬಗೆಯೇ ಸರಿ. ಹೆಗಲ ತನಕ ಅಳೆದರೆ ಎರಡೂವರೆ ಮೊಳದಿಂದ ಮೂರು ಮೊಳ. ವಿಜಯನಗರದ ಅರಸರು ಯುದ್ಧಕ್ಕೆಂದು ಅರಬ್ಬೀ ಕುದುರೆಗಳನ್ನು ಹಡಗಿನಲ್ಲಿ ತರಿಸಿ ಹೊನ್ನು ಸುರಿದರು. ಊರಿನ ಹೊರೆಯನ್ನು ಹೊತ್ತುದು ಮಾತ್ರ ಈ ಚಿಕ್ಕ ಕುದುರೆ. ಭೀಮಾ ನದಿಯ ತಡಿಯ ಸೀಮೆಯಲ್ಲಿ ಕುರಿಗಾರರು ಹಿಂಡಿನೊಡನೆ ಅಲೆಯುವಾಗ ಗುಡಾರ, ಪಾತ್ರೆ, ಎಳೆಯ ಮರಿಗಳನ್ನೆಲ್ಲ ಇದರ ಬೆನ್ನಿಗೆ ಹೇರುತ್ತಾರೆ. ಈಚಿನ ವರ್ಷಗಳಲ್ಲಿ ಆ ಸೀಮೆಯ ತಟ್ಟುವನ್ನು ‘ಭೀಮಥಡಿ’ ಎಂಬ ಹೆಸರಿನಿಂದ ಒಂದು ತಳಿಯೆಂದು ಸರ್ಕಾರದ ಪಟ್ಟಿಗೆ ಸೇರಿಸಿದ್ದಾರೆ.

ಹೊರದೇಶಗಳಲ್ಲಿ ಇನ್ನೂ ಚಿಕ್ಕ ಕುದುರೆಗಳುಂಟು. ಅರ್ಜೆಂಟೈನಾ ದೇಶದ ಫಲಬೆಲ್ಲಾ ಎಂಬ ತಳಿಯದು ಎರಡು ಮೊಳಕ್ಕಿಂತ ಮೇಲೆ ಏಳುವುದಿಲ್ಲ. ಅಲ್ಲಿಯವರು ಅವನ್ನು ದುಡಿಮೆಗಲ್ಲ, ಅಕ್ಕರೆಗೆ ಸಾಕುತ್ತಾರೆ. ನಮ್ಮಲ್ಲಿ ದುಡಿಮೆಯೂ ಅಕ್ಕರೆಯೂ ಒಂದೇ ಹಗ್ಗದಲ್ಲಿ ಕಟ್ಟಿದಂತಿರುತ್ತವೆ. ಮೈಲಾರಲಿಂಗನ ವಾಹನವೆಂದು ಕುದುರೆಯ ಹಣೆಗೆ ಭಂಡಾರ ಹಚ್ಚುವ ಮನೆಗಳು ನಮ್ಮ ಸೀಮೆಯಲ್ಲಿ ಕಡಿಮೆಯಲ್ಲ. ಹಣೆಗೆ ಭಂಡಾರ ಹಚ್ಚಿದ ಮೇಲೆ ಕೊನೆಗಾಲದಲ್ಲಿ ಬೀದಿಗೆ ಬಿಡುವುದು ಒಪ್ಪುವ ಮಾತೇ?

2019ರ ಪಶುಗಣತಿಯಲ್ಲಿ ನಮ್ಮ ದೇಶದಲ್ಲಿ ಕುದುರೆ ಮತ್ತು ತಟ್ಟುಗಳು ಸುಮಾರು 3 ಲಕ್ಷ 40 ಸಾವಿರ ಇದ್ದವು. ಅದಕ್ಕೆ ಹಿಂದಿನ 2012ರ ಗಣತಿಯಲ್ಲಿ 6 ಲಕ್ಷಕ್ಕೂ ಮೇಲಿದ್ದವು. ಏಳು ವರ್ಷಗಳಲ್ಲಿ ನೂರಕ್ಕೆ 45ರಷ್ಟು ಇಳಿದುಹೋದವು. ಮುಂಬಯಿಯಲ್ಲಿ 2015ರಲ್ಲಿ ಹೈಕೋರ್ಟು ವಿಹಾರದ ಕುದುರೆಗಾಡಿಗಳು ಕಾನೂನಿಗೆ ವಿರುದ್ಧವೆಂದು ತೀರ್ಪು ಕೊಟ್ಟಾಗ, ಗಾಡಿಯವರ ಹೊಟ್ಟೆಪಾಡಿನ ಜೊತೆಗೆ ಕುದುರೆಗಳ ಮುಂದಿನ ಗತಿಯ ಪ್ರಶ್ನೆಯೂ ಎದ್ದಿತು. ನಮ್ಮ ಚಿಕ್ಕ ಊರುಗಳಲ್ಲಿ ಕೋರ್ಟಿನ ಮಾತೇ ಬೇಕಾಗಲಿಲ್ಲ. ಬಾಡಿಗೆ ನಿಂತಿತು, ಹುರುಳಿ ನಿಂತಿತು.

ನಮ್ಮ ಸೀಮೆಗೆ ಇನ್ನೊಂದು ತೊಡಕೂ ಉಂಟು. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳ, ಹೊಳಗುಂದಿ, ಆಲೂರು ಕಡೆಯ ಎಷ್ಟೋ ಮನೆಗಳು ಬೀಗ ಹಾಕಿಕೊಂಡು ಗುಂಟೂರು ಸೀಮೆಗೆ ಮೆಣಸಿನಕಾಯಿ, ಹತ್ತಿ ಬಿಡಿಸಲು ಹೋಗುತ್ತವೆ. ಊರಲ್ಲಿ ಮುದುಕರು ಉಳಿಯುತ್ತಾರೆ, ಮುದಿ ಪ್ರಾಣಿಗಳು ಉಳಿಯುತ್ತವೆ. ಹೊರಡುವ ಮುನ್ನಾದಿನ ಹಗ್ಗ ಬಿಚ್ಚುವ ಕೆಲಸ ನಡೆಯುವುದು ಆಗಲೇ. ಬಿಚ್ಚುವವರು ಕಲ್ಲೆದೆಯವರೆಂದು ನಾವು ಹೇಳುವುದಿಲ್ಲ. ಮುಂಚಿತವಾಗಿ ಯೋಚಿಸದೆ ಹೋದರೆ ಒಳ್ಳೆಯವರಿಗೂ ಅದೊಂದೇ ದಾರಿ ಕಾಣುತ್ತದೆ.

ವಯಸ್ಸನ್ನು ಬಾಯಲ್ಲಿ ನೋಡಿರಿ

ತಟ್ಟು ಕುದುರೆ ಚೆನ್ನಾಗಿ ಸಾಕಿದರೆ 25ರಿಂದ 30 ವರ್ಷ ಬದುಕುತ್ತದೆ, ಕೆಲವು ಅದನ್ನೂ ದಾಟುತ್ತವೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿ ಕಾಲುವೆಯ ದೋಣಿಗಳನ್ನು ಎಳೆಯುತ್ತಿದ್ದ ‘ಓಲ್ಡ್ ಬಿಲ್ಲಿ’ ಎಂಬ ಕುದುರೆ 1760ರಲ್ಲಿ ಹುಟ್ಟಿ 1822ರಲ್ಲಿ, 62ನೆಯ ವಯಸ್ಸಿನಲ್ಲಿ ಸತ್ತಿತೆಂದು ದಾಖಲೆ ಇದೆ. ಅದರ ತಲೆಬುರುಡೆಯನ್ನು ಆ ಊರಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ನಮ್ಮ ತಟ್ಟು ಅಷ್ಟು ಬಾಳದಿದ್ದರೂ, ದುಡಿಮೆ ಮುಗಿದ ಮೇಲೆ ಹತ್ತು ವರ್ಷ ಬದುಕುವುದು ಹೆಚ್ಚಿನ ಮಾತಲ್ಲ.

ಸಂತೆಯಲ್ಲಿ ಕೊಂಡ ಕುದುರೆಯ ವಯಸ್ಸು ನಿಮಗೆ ಸರಿಯಾಗಿ ತಿಳಿದಿರಲಾರದು. ಅದನ್ನು ಹಲ್ಲು ಹೇಳುತ್ತದೆ. ಐದು ವರ್ಷಕ್ಕೆ ಹಾಲುಹಲ್ಲೆಲ್ಲ ಬಿದ್ದು ಬಾಯಿ ತುಂಬುತ್ತದೆ. ಆರರಿಂದ ಎಂಟು ವರ್ಷದೊಳಗೆ ಕೆಳಗಿನ ಮುಂಬಲ್ಲುಗಳ ಮೇಲಿನ ಗುಳಿಗಳು ಸವೆದು ಹೋಗುತ್ತವೆ. ಆಮೇಲೆ ಮೇಲಿನ ಸಾಲಿನ ಕಡೆಯ ಮುಂಬಲ್ಲನ್ನು ನೋಡಬೇಕು. ಸುಮಾರು ಹತ್ತನೆಯ ವರ್ಷಕ್ಕೆ ಅದರ ಹೊರಮೈಯಲ್ಲಿ ಒಸಡಿನ ಬಳಿ ಒಂದು ಕಂದು ಗೀರು ಕಾಣಿಸುತ್ತದೆ. 15ಕ್ಕೆ ಅದು ಹಲ್ಲಿನ ಅರ್ಧಕ್ಕೆ ಇಳಿಯುತ್ತದೆ, 20ಕ್ಕೆ ತುದಿ ಮುಟ್ಟುತ್ತದೆ, 30ರ ಹೊತ್ತಿಗೆ ಮಾಯವಾಗುತ್ತದೆ. ವರ್ಷ ಒಂದೆರಡು ಹಿಂದುಮುಂದಾದೀತು. ಲೆಕ್ಕ ಮಾತ್ರ ಬಹುಮಟ್ಟಿಗೆ ಸರಿ. ಹಲ್ಲುಗಳು ಉದ್ದವಾಗಿ ಮುಂದಕ್ಕೆ ಚಾಚಿದ್ದರೆ, ಕಣ್ಣಿನ ಮೇಲೆ ಗುಳಿ ಬಿದ್ದಿದ್ದರೆ, ಮುಖದ ಕೂದಲು ನರೆತಿದ್ದರೆ ಅದು ಮುದಿಯೆಂದು ಯಾರಿಗಾದರೂ ತಿಳಿಯುತ್ತದೆ.

ಕಡೆಗಾಲದ ಆರೈಕೆ

ಮುದಿ ಕುದುರೆ ಬಡಕಲಾಗುವುದು ವಯಸ್ಸಿನಿಂದಲೇ ಎಂದು ತಿಳಿಯಬೇಡಿ. ಬಹಳ ಸಲ ಅದರ ಕಾರಣ ಹಲ್ಲು. ದವಡೆಹಲ್ಲುಗಳು ಓರೆಯಾಗಿ ಸವೆದು ಅಂಚು ಕತ್ತಿಯಂತಾಗಿ ಕೆನ್ನೆಯನ್ನೂ ನಾಲಗೆಯನ್ನೂ ಕೊಯ್ಯುತ್ತದೆ. ಆಗ ಅದು ಮೇವನ್ನು ಅಗಿದು ಅಗಿದು ಉಂಡೆಮಾಡಿ ಹೊರಗೆ ಉಗುಳುತ್ತದೆ. ಗೋದಲಿಯ ಕೆಳಗೆ ಅಂತಹ ಉಂಡೆಗಳು ಬಿದ್ದಿದ್ದರೆ ಪಶುವೈದ್ಯರನ್ನು ಕರೆದು ಹಲ್ಲಿಗೆ ಅರ ಹಾಕಿಸಬೇಕು. ಇದರಿಂದ ಒಂದೆರಡು ತಿಂಗಳಲ್ಲೇ ಮೈ ಹಿಡಿದ ಕುದುರೆಗಳುಂಟು.

ಹಲ್ಲೇ ಉದುರಿದ್ದರೆ ಜೋಳದ ಸೊಪ್ಪೆ ಅದಕ್ಕೆ ಆಗದು. ಸೊಪ್ಪೆಯನ್ನು ಸಣ್ಣಗೆ ಕತ್ತರಿಸಿ ನೆನೆಸಿರಿ. ಗೋದಿಬೂಸಾ, ಚೆನ್ನಾಗಿ ಬೇಯಿಸಿ ಹಿಸುಕಿದ ಹುರುಳಿ, ಒಂದು ಚಮಚೆ ಉಪ್ಪು, ಸ್ವಲ್ಪ ಎಣ್ಣೆ ಇವನ್ನು ಬೆರೆಸಿ ಗಂಜಿಯ ಹದಕ್ಕೆ ಮಾಡಿ ಕೊಡಿರಿ. ಕಾಲುವೆ ನೀರಿರುವವರು ಒಂದು ಮಡಿಯಷ್ಟು ಕುದುರೆಮಸಾಲೆ ಸೊಪ್ಪನ್ನು ಬೆಳೆದರೆ ಬಹಳ ಒಳ್ಳೆಯದು, ಹೆಸರೇ ಹೇಳುವಂತೆ ಅದು ಇವಕ್ಕೆಂದೇ ಬಂದ ಮೇವು. 200 ಕಿಲೋ ತೂಗುವ ತಟ್ಟುವಿಗೆ ದಿನಕ್ಕೆ ಒಣಮೇವಿನ ಲೆಕ್ಕದಲ್ಲಿ 3ರಿಂದ 4 ಕಿಲೋ ಬೇಕು. ಕುದುರೆಯ ಜಠರ ಚಿಕ್ಕದು, ಅದು ದನದಂತೆ ಮೆಲುಕು ಹಾಕದು, ವಾಂತಿ ಮಾಡಲಾರದು. ಆದುದರಿಂದ ಒಂದೇ ಸಲ ಸುರಿಯದೆ ನಾಲ್ಕೈದು ಸಲ ಹಂಚಿಕೊಡಬೇಕು. ಮೇವನ್ನು ಬದಲಿಸುವುದಾದರೆ ಎಂಟು ಹತ್ತು ದಿನಗಳಲ್ಲಿ ಮೆಲ್ಲಮೆಲ್ಲನೆ ಬದಲಿಸಬೇಕು.

ಕೊಡಬಾರದ್ದನ್ನೂ ಹೇಳಿಬಿಡುತ್ತೇವೆ. ಬೂಷ್ಟು ಹಿಡಿದ ಶೇಂಗಾ ಹೊಟ್ಟು ಬೇಡ. ಮಳೆಯಿಲ್ಲದೆ ಬಾಡಿದ ಎಳೆಯ ಜೋಳದ ಪೈರನ್ನು ದನಕ್ಕೆ ಹೇಗೆ ಹಾಕುವುದಿಲ್ಲವೋ ಕುದುರೆಗೂ ಹಾಗೆಯೇ ಬೇಡ. ಕೋಳಿಗಳ ಆಹಾರವನ್ನಂತೂ ಅದರ ಬಾಯಿಗೆ ಸಿಕ್ಕದಂತೆ ಇಡಿರಿ. ಕೋಳಿಯ ಬೇನೆಗೆಂದು ಅದರಲ್ಲಿ ಬೆರೆಸುವ ಕೆಲವು ಔಷಧಗಳು ಕುದುರೆಯ ಹೃದಯಕ್ಕೆ ನೇರವಾದ ವಿಷ.

ಗಾಡಿಗೆ ಕಟ್ಟದ ಕುದುರೆಗೆ ಲಾಳ ಬೇಕಿಲ್ಲ. ಲಾಳ ಕೀಳಿಸಿ, ಆರೆಂಟು ವಾರಕ್ಕೊಮ್ಮೆ ಗೊರಸನ್ನು ಕೊಯ್ಯಿಸಿರಿ. ನೀರು ದಿನಕ್ಕೆ 10ರಿಂದ 20 ಲೀಟರು ಬೇಕು, ನಮ್ಮ ಬೇಸಗೆಯಲ್ಲಿ ಇನ್ನೂ ಹೆಚ್ಚು. ಚಳಿಗಾಲ ಮುಗಿದರೂ ಮೈಯ ಉದ್ದ ಕೂದಲು ಉದುರದೆ, ಬಿಸಿಲಿನಲ್ಲಿ ಬೆವತು ನಿಲ್ಲುತ್ತಿದ್ದರೆ ಅದು ಮುದಿ ತಟ್ಟುಗಳಿಗೆ ಬರುವ ಒಂದು ಗ್ರಂಥಿಬೇನೆ. ಕೂದಲು ಕತ್ತರಿಸಿ ನೆರಳಿಗೆ ಕಟ್ಟಿರಿ, ವೈದ್ಯರಿಗೆ ತೋರಿಸಿರಿ.

ಕುದುರೆ ನಿಂತೇ ನಿದ್ದೆ ಮಾಡುತ್ತದೆಂದು ನಾವೆಲ್ಲ ನಂಬಿದ್ದೇವೆ. ಅದು ಅರ್ಧ ನಿಜ. ತೂಕಡಿಕೆ ನಿಂತೇ ಆಗುತ್ತದೆ. ಗಾಢನಿದ್ದೆಗೆ ದಿನಕ್ಕೆ ಅರ್ಧ ತಾಸಾದರೂ ಅದು ಮಲಗಲೇಬೇಕು. ಮೊಣಕಾಲು ಹಿಡಿದುಕೊಂಡ ಮುದಿ ಕುದುರೆ, ಮಲಗಿದರೆ ಏಳಲಾರೆನೆಂಬ ಅಂಜಿಕೆಯಿಂದ ಮಲಗುವುದನ್ನೇ ಬಿಡುತ್ತದೆ. ಆಮೇಲೆ ನಿಂತಲ್ಲೇ ಮುಗ್ಗರಿಸಿ ಬೀಳುತ್ತದೆ. ಮುಂಗಾಲಿನ ಮುಂದುಗಡೆ ತರಚಿದ ಗಾಯ ಕಂಡರೆ ಇದನ್ನು ಊಹಿಸಬೇಕು. ಕಲ್ಲುಹಾಸಿನ ಮೇಲೆ ಕಟ್ಟದೆ, ಮರಳು ಇಲ್ಲವೆ ಹೊಟ್ಟು ಹಾಸಿದ ಮೆತ್ತನೆಯ ಜಾಗ ಕೊಟ್ಟರೆ ಅದು ಮತ್ತೆ ಮಲಗಲು ಧೈರ್ಯ ಮಾಡುತ್ತದೆ.

ಯಾವಾಗ ಸಾಕು ಎನ್ನಬೇಕು

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಕುದುರೆ ನೋವನ್ನು ನಾಯಿಯಂತೆ ಕೂಗಿ ಹೇಳುವುದಿಲ್ಲ. ಕಾಡಿನಲ್ಲಿ ನರಳಿದ ಪ್ರಾಣಿಯನ್ನೇ ಹುಲಿ ಹಿಡಿಯುವುದರಿಂದ, ಅಡಗಿಸಿಕೊಳ್ಳುವುದು ಅದರ ರಕ್ತದಲ್ಲೇ ಬಂದ ಗುಣ. ಆದುದರಿಂದ ನಾವೇ ಕಣ್ಣಿಟ್ಟು ನೋಡಬೇಕು. ದಿನವೂ ಐದು ವಿಷಯ ಗಮನಿಸಿರಿ. ಮೇವಿಗೆ ಬಾಯಿ ಹಾಕುತ್ತದೆಯೇ? ತಾನಾಗಿ ಮಲಗಿ ತಾನಾಗಿ ಏಳುತ್ತದೆಯೇ? ಲದ್ದಿ, ಉಚ್ಚೆ ಸರಾಗವೇ? ನಾಲ್ಕು ಹೆಜ್ಜೆ ನಡೆದು ನೆರಳಿಗೂ ನೀರಿಗೂ ಹೋಗಬಲ್ಲುದೇ? ಕರೆದರೆ ಕಿವಿ ತಿರುಗಿಸುತ್ತದೆಯೇ?

ಗೋಡೆಯ ಮೇಲೆ ಇದ್ದಿಲಿನಿಂದ ಗುರುತು ಹಾಕಿರಿ. ಒಳ್ಳೆಯ ದಿನಕ್ಕೊಂದು ನೆಟ್ಟಗೆರೆ, ಕೆಟ್ಟ ದಿನಕ್ಕೊಂದು ಅಡ್ಡಗೆರೆ. ತಿಂಗಳಲ್ಲಿ ಅಡ್ಡಗೆರೆಗಳೇ ಹೆಚ್ಚಾದರೆ ನಿಮ್ಮ ಮನಸ್ಸು ಒಪ್ಪದಿದ್ದರೂ ಗೋಡೆ ಸತ್ಯ ಹೇಳುತ್ತದೆ. ಆರೋಗ್ಯದ ಕುದುರೆಗೆ ಸುಮ್ಮನಿರುವಾಗ ನಿಮಿಷಕ್ಕೆ 28ರಿಂದ 44 ಸಲ ನಾಡಿ ಬಡಿಯುತ್ತದೆ, 8ರಿಂದ 16 ಸಲ ಉಸಿರಾಡುತ್ತದೆ. ನಾಡಿ 60 ದಾಟಿ, ಹೊಟ್ಟೆಯನ್ನು ಹಿಂತಿರುಗಿ ನೋಡುತ್ತ, ಬೆವರುತ್ತ, ಹೊರಳಾಡುತ್ತ ಇದ್ದರೆ ಅದು ಹೊಟ್ಟೆಶೂಲೆ. ಬೆಳಗಿನ ತನಕ ಕಾಯದೆ ವೈದ್ಯರನ್ನು ಕರೆಯಬೇಕು.

ಆಲೂರು ಸೀಮೆಯ ಒಂದು ಮನೆ

ಕೆಲವು ವರ್ಷಗಳ ಕೆಳಗೆ ಆಲೂರು ಸೀಮೆಯ ಒಂದು ಹಳ್ಳಿಯಲ್ಲಿ ನಾವು ಕಂಡುದನ್ನು ಇಲ್ಲಿ ಹೇಳಿದರೆ ಮೇಲಿನ ಮಾತು ಇನ್ನಷ್ಟು ಸ್ಪಷ್ಟವಾದೀತು. ಆ ಮನೆಯ ಯಜಮಾನ ಆದವಾನಿಯಲ್ಲಿ ಜಟಕಾ ಹೊಡೆದು ಮಕ್ಕಳನ್ನು ಸಾಕಿದವನು. ಬಾಡಿಗೆ ನಿಂತ ಮೇಲೆ ಗಾಡಿ ಮಾರಿದ, ಕುದುರೆ ಮಾರಲಿಲ್ಲ. ಅದೊಂದು ಕೆಂಚು ಬಣ್ಣದ ಹೆಣ್ಣು ತಟ್ಟು. ಹೆಸರು ಚಿಟ್ಟಿ. ಊರಿಗೆ ಬಂದ ಮೇಲೆ ಅದು ಹೊಲದಿಂದ ಹುಲ್ಲಿನ ಹೊರೆ ತಂದಿತು, ಮೊಮ್ಮಕ್ಕಳಿಗೆ ಸವಾರಿ ಕಲಿಸಿತು. ನಾವು ನೋಡಿದಾಗ ಅದರ ಬಾಯಲ್ಲಿ ನಾಲ್ಕು ದವಡೆಹಲ್ಲು ಇರಲಿಲ್ಲ, ವಯಸ್ಸು 25 ದಾಟಿತ್ತು.

ಆ ವರ್ಷ ಮಕ್ಕಳು ಗುಂಟೂರಿಗೆ ಹೊರಟರು. ಸೊಸೆ ಒಳ್ಳೆಯ ಹೆಣ್ಣುಮಗಳು, ಆದರೆ ಕೇಳಬೇಕಾದುದನ್ನು ಕೇಳಿದಳು.

“ಮಾವಾ, ನಾವು ಹೋದ ಮ್ಯಾಲ ಇದಕ್ಕ ಬೂಸಾ ನೆನಸಿ ಹಾಕೋರು ಯಾರು? ನಿಮಗೇ ಕಣ್ಣು ಸರಿ ಕಾಣಂಗಿಲ್ಲ.”

ಮುದುಕ ಹೇಳಿದ: “ನನಗ ಹಾಕೋರು ಯಾರವ್ವಾ? ನಿಮ್ಮತ್ತಿ ಹಾಕ್ತಾಳ. ಅದಕ್ಕೂ ಆಕಿನೇ ಹಾಕ್ತಾಳ ಬಿಡು.”

ಸಂತೆಯ ದಲಾಲಿಯೊಬ್ಬ ಮನೆಬಾಗಿಲಿಗೇ ಬಂದು, ಮದುವೆ ಮೆರವಣಿಗೆಗೆ ಬೇಕೆಂದು ಕೇಳಿದ. ನಡೆಯಲಾರದ ಕುದುರೆ ಮೆರವಣಿಗೆಗೆ ಏತಕ್ಕೆಂದು ಮುದುಕಿ ಒಂದೇ ಮಾತು ಕೇಳಿದಳು. ಅವನು ಮರುಮಾತಿಲ್ಲದೆ ಹೋದ. ಸೊಸೆ ಹೊರಡುವ ಮುನ್ನ ಎರಡು ಚೀಲ ಬೂಸಾ ತರಿಸಿಟ್ಟಳು, ಪಕ್ಕದ ಮನೆಯ ಹುಡುಗನಿಗೆ ನೀರು ಸೇದಿ ಹಾಕಲು ಕೂಲಿ ಗೊತ್ತುಮಾಡಿದಳು.

ಚಿಟ್ಟಿ ಆ ಚಳಿಗಾಲವನ್ನು ಕಳೆಯಿತು. ಶಿವರಾತ್ರಿ ಆದ ಮೇಲೆ ಒಂದು ಬೆಳಿಗ್ಗೆ ಬಿದ್ದದ್ದು ಏಳಲಿಲ್ಲ. ನಾಲ್ಕು ಜನ ಸೇರಿ ಹೊಟ್ಟೆಯ ಕೆಳಗೆ ಗೋಣಿತಟ್ಟು ಹಾಕಿ ಎತ್ತಿ ನಿಲ್ಲಿಸಿದರು. ಸಂಜೆಗೆ ಮತ್ತೆ ಬಿತ್ತು. ಮೂರನೆಯ ದಿನ ಎತ್ತಿದರೂ ಕಾಲು ನಿಲ್ಲಲಿಲ್ಲ. ಒಂದು ಮಗ್ಗುಲು ಹುಣ್ಣಾಗಿತ್ತು. ಫೋನು ಮಾಡಿದ ಮೇಲೆ ಪಶುವೈದ್ಯರು ಬಂದರು. ಚಿಕ್ಕ ವಯಸ್ಸಿನವರು. ಅರ್ಧ ತಾಸು ನೋಡಿ, ಮುದುಕನ ಎದುರಿಗೆ ನೆಲದ ಮೇಲೆಯೇ ಕುಳಿತರು.

“ತಾತಾ, ಇದು ಇನ್ನ ಏಳಂಗಿಲ್ಲ. ಸೂಜಿ ಹಾಕಿದ್ರ ಇವತ್ತು ನೋವು ಕಡಿಮಿ ಆಕ್ಕೈತಿ. ನಾಳಿ ಮತ್ತ ಹಿಂಗ.”

ಮುದುಕ ಬಹಳ ಹೊತ್ತು ಸುಮ್ಮನಿದ್ದು ಕೇಳಿದ: “ಸಾರ್, ನಿಮ್ಮ ಮನಿದಾಗಿದ್ರ ನೀವೇನು ಮಾಡ್ತಿದ್ರಿ?”

“ಇವತ್ತ ಬಿಡುಗಡಿ ಮಾಡ್ತಿದ್ದೆ ತಾತಾ.”

ಗುಂಟೂರಿಗೆ ಫೋನು ಹೋಯಿತು. ಕಿರಿಯ ಮೊಮ್ಮಗ ಅತ್ತುಕೊಂಡು, ತಾನು ಬರುವತನಕ ಇಟ್ಟುಕೊಳ್ಳಿರೆಂದ. ಮುದುಕ ಹೇಳಿದ: “ಅದಕ್ಕ ನೋವಾಗೈತಪ್ಪಾ. ನಮಗೋಸ್ಕರ ಅದನ್ನ ಕಾಯಿಸಬಾರದು.” ಮುದುಕಿ ಅಂಗೈಯಲ್ಲಿ ಬೆಲ್ಲ ಹಿಡಿದಳು. ಚಿಟ್ಟಿ ತುಟಿಯಿಂದ ಮುಟ್ಟಿತು, ತಿನ್ನಲಿಲ್ಲ. ವೈದ್ಯರು ಮೊದಲು ಮಂಪರಿನ ಸೂಜಿ ಹಾಕಿದರು, ಆಮೇಲೆ ಕುತ್ತಿಗೆಯ ನರಕ್ಕೆ ಇನ್ನೊಂದು. ಕೆಲವು ನಿಮಿಷಗಳಲ್ಲಿ ಎಲ್ಲ ಮುಗಿಯಿತು. ಮುದುಕ ಎದ್ದು ಕುತ್ತಿಗೆಯ ಹಗ್ಗವನ್ನು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ.

ಇದನ್ನು ನೋಡಿ ಊರಿನ ಕೆಲವರು, ಸಾಕಿದ ಪ್ರಾಣಿಯನ್ನು ಕೊಲ್ಲಿಸಿದನೆಂದು ಆಡಿಕೊಂಡದ್ದೂ ಉಂಟು. ಹಗ್ಗ ಬಿಚ್ಚಿ ಬೀದಿಗೆ ಬಿಟ್ಟವರನ್ನು ಯಾರೂ ಆಡಿಕೊಳ್ಳುವುದಿಲ್ಲ. ಅಲ್ಲಿ ಸಾವು ಕಣ್ಣೆದುರು ಆಗುವುದಿಲ್ಲವಲ್ಲ! ಹೊಟ್ಟೆಗಿಲ್ಲದೆ, ನಾಯಿಗಳಿಂದ ಕಚ್ಚಿಸಿಕೊಂಡು ವಾರಗಟ್ಟಲೆ ಸಾಯುವುದು ಪುಣ್ಯವೂ, ನೋವಿಲ್ಲದೆ ನಿಮಿಷದಲ್ಲಿ ಹೋಗುವುದು ಪಾಪವೂ ಆಗುವುದು ಹೇಗೆ? ವಾಚಕರು ತಮ್ಮ ಮನಸ್ಸಿನಲ್ಲಿ ತೂಗಿ ನೋಡಲಿ.

ಕಾನೂನು ಹೇಳುವುದೇನು

1960ರ ಪ್ರಾಣಿಹಿಂಸಾ ತಡೆ ಕಾಯಿದೆಯ 11ನೆಯ ಕಲಮಿನ ಪ್ರಕಾರ, ಸಾಕಿದ ಪ್ರಾಣಿಗೆ ಅನ್ನ ನೀರು ನೆರಳು ಕೊಡದಿರುವುದು ಅಪರಾಧ. ಹಸಿವು ಬಾಯಾರಿಕೆಗಳಿಂದ ನರಳುವಂತೆ ತಕ್ಕ ಕಾರಣವಿಲ್ಲದೆ ಬಿಟ್ಟುಬಿಡುವುದೂ ಅಪರಾಧ. ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ ಮಾತ್ರ. ದಂಡ ಚಿಕ್ಕದೆಂದು ತಪ್ಪು ಚಿಕ್ಕದಾಗುವುದಿಲ್ಲ. ಅದೇ ಕಾಯಿದೆಯ 13ನೆಯ ಕಲಮು, ಬದುಕಿಸಿ ಇಡುವುದೇ ಕ್ರೂರವಾಗುವಷ್ಟು ನರಳುತ್ತಿರುವ ಪ್ರಾಣಿಗೆ ನೋವಿಲ್ಲದ ಅಂತ್ಯ ಕೊಡುವುದನ್ನು ಒಪ್ಪುತ್ತದೆ. ಬೀದಿಯಲ್ಲಿ ಕಾಲು ಮುರಿದು ಬಿದ್ದಿರುವ ದಿಕ್ಕಿಲ್ಲದ ಕುದುರೆಯ ವಿಷಯದಲ್ಲಿ ಪೊಲೀಸು ಅಧಿಕಾರಿ ಪಶುವೈದ್ಯರನ್ನು ಕರೆಸಿ, ಅವರ ಪ್ರಮಾಣಪತ್ರದ ಮೇಲೆ ಕ್ರಮ ಕೈಗೊಳ್ಳಬಹುದು. ಆದುದರಿಂದ ಅಂತಹದನ್ನು ಕಂಡವರು ಠಾಣೆಗೆ ತಿಳಿಸಲು ಹಿಂಜರಿಯಬೇಕಾಗಿಲ್ಲ.

ಸಂಚಾರಿ ಪಶುವೈದ್ಯ ವಾಹನಕ್ಕೆ 1962 ಎಂಬ ಸಂಖ್ಯೆಗೆ ಫೋನು ಮಾಡಬೇಕು. ನಮ್ಮ ಆಂಧ್ರದಲ್ಲಿ ಈ ವಾಹನಗಳು 2022ರಿಂದ ಓಡಾಡುತ್ತಿವೆ. ತೆಲುಗು ಬಾರದ ಮುದುಕರು ಅಂಜಬೇಡಿ. ಊರಿನ ಹೆಸರು, ಮಂಡಲದ ಹೆಸರು, “ಗುರ್ರಂ” ಎಂಬ ಒಂದು ಮಾತು ಹೇಳಿದರೆ ಸಾಕು. 1953ರ ಅಕ್ಟೋಬರ್ 1ಕ್ಕೆ ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದ ಆದವಾನಿ, ಆಲೂರು ಸೀಮೆಗಳಲ್ಲಿ ಎರಡು ಭಾಷೆಯೂ ತಿಳಿದ ಸಿಬ್ಬಂದಿ ಸಿಕ್ಕುವುದು ಅಪರೂಪವಲ್ಲ.

ವೈದ್ಯರಿಲ್ಲದೆ ವಿಷ ಹಾಕುವುದು, ತಲೆಗೆ ಹೊಡೆಯುವುದು, ಮೇವು ನಿಲ್ಲಿಸುವುದು, ಇವನ್ನು ಯಾರೂ ಮಾಡಬಾರದು. ಸೂಜಿ ಹಾಕುವಾಗ ನಿಂತಿರುವ ಕುದುರೆ ತಟ್ಟನೆ ಬೀಳುತ್ತದೆ, ಆದುದರಿಂದ ಎದುರಿಗೆ ನಿಲ್ಲಬಾರದು. ಉಸಿರು ಹೋದ ಮೇಲೂ ಮೈ ಒಂದೆರಡು ಸಲ ಅದುರಬಹುದು, ಕಣ್ಣು ತೆರೆದೇ ಇರುತ್ತದೆ. ಅದು ಜೀವವಲ್ಲ, ನೋವೂ ಅಲ್ಲ. ಮೊದಲೇ ತಿಳಿದಿದ್ದರೆ ಮನೆಯವರು ಗಾಬರಿಯಾಗುವುದಿಲ್ಲ.

ಮಣ್ಣು ಮಾಡುವುದು

ಹಿಂದೆ ಸತ್ತ ಪ್ರಾಣಿಯನ್ನು ಊರ ಹೊರಗೆ ಎಳೆದು ಹಾಕಿದರೆ ರಣಹದ್ದುಗಳು ಇಳಿದು ಹೊತ್ತು ಮುಳುಗುವುದರೊಳಗೆ ಮುಗಿಸುತ್ತಿದ್ದವು. ದನಗಳಿಗೆ ನೋವು ತಗ್ಗಿಸಲು ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ ಆ ಹೆಣಗಳ ಮೂಲಕ ಹದ್ದುಗಳ ಹೊಟ್ಟೆಗೆ ಹೋಗಿ ಅವುಗಳ ಕುಲವೇ ಕ್ಷೀಣಿಸಿತು. 2006ರಲ್ಲಿ ಸರ್ಕಾರ ಪಶುಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿತು. ಈಗ ಬಯಲಿಗೆ ಎಸೆದ ಹೆಣ ನಾಯಿಗಳ ಪಾಲು. ಬಿಡುಗಡೆಯ ಸೂಜಿ ಹಾಕಿಸಿಕೊಂಡ ಕುದುರೆಯ ಮಾಂಸದಲ್ಲಿ ಆ ಔಷಧ ಉಳಿದಿರುತ್ತದೆ. ಅದನ್ನು ತಿಂದ ನಾಯಿ, ನರಿ, ಹದ್ದು ಯಾವುದಾದರೂ ಸತ್ತೀತು. ಆದುದರಿಂದ ಆಳವಾಗಿ ಹೂಳುವುದು ಕಡ್ಡಾಯ.

ಗುಂಡಿಯನ್ನು ಮೊದಲೇ ತೋಡಿಸಿರಿ. ಆಳ 6ರಿಂದ 7 ಅಡಿ, ಉದ್ದ 7 ಅಡಿ, ಅಗಲ 5 ಅಡಿ ಇದ್ದರೆ ತಟ್ಟುವಿಗೆ ಸಾಕು. ಮೈಯ ಮೇಲೆ ಮೂರಡಿಗಿಂತ ಹೆಚ್ಚು ಮಣ್ಣು ಬೀಳಬೇಕು. ನಮ್ಮ ಎರೆಭೂಮಿ ಬೇಸಗೆಯಲ್ಲಿ ಬಿರಿದು ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಸಾಧ್ಯವಾದರೆ ಎತ್ತರದ ಕೆಂಪು ನೆಲ ಆರಿಸಿಕೊಳ್ಳಿರಿ. ಬಾವಿ, ಬೋರು, ಹಳ್ಳಗಳಿಂದ ದೂರವಿರಲಿ. ತುಂಗಭದ್ರೆಯ ಕಾಲುವೆಯ ಏರಿಯ ಮಗ್ಗುಲಲ್ಲಿ ಹೂಳಲೇಬಾರದು, ಆ ನೀರನ್ನು ಕೆಳಗಿನ ಊರಿನವರು ಕುಡಿಯುತ್ತಾರೆ. ಮೇಲೆ ಮುಳ್ಳು ಹೊದಿಸಿ ಕಲ್ಲು ಹೇರಿದರೆ ನಾಯಿಗಳು ಕೆದಕುವುದಿಲ್ಲ.

ಎರಡು ಎಚ್ಚರಿಕೆಯ ಮಾತು. ಚೆನ್ನಾಗಿದ್ದ ಪ್ರಾಣಿ ತಟ್ಟನೆ ಸತ್ತು ಮೂಗು, ಬಾಯಿ, ಗುದದಿಂದ ಕಪ್ಪು ರಕ್ತ ಸುರಿದರೆ ಅದು ನೆರಡಿ ಬೇನೆ ಇರಬಹುದು. ಮುಟ್ಟದೆ, ಚರ್ಮ ಸುಲಿಯದೆ, ವೈದ್ಯರಿಗೆ ತಿಳಿಸಬೇಕು. ಮೂಗಿನಿಂದ ಅಂಟಾದ ಹಳದಿ ಸಿಂಬಳ ಸುರಿಯುತ್ತ, ಕಾಲಿನ ಮೇಲೆ ಸಾಲಾಗಿ ಗಂಟುಹುಣ್ಣು ಎದ್ದರೆ ಗ್ಲ್ಯಾಂಡರ್ಸ್ ಎಂಬ ಬೇನೆಯ ಅನುಮಾನ ಪಡಬೇಕು. ಅದು ಮನುಷ್ಯರಿಗೂ ಅಂಟುತ್ತದೆ. ಮುಚ್ಚಿಡುವುದು ತಪ್ಪು. ಮುಚ್ಚಿಟ್ಟರೆ ಮೊದಲು ಬಲಿಯಾಗುವವರು ಮನೆಯವರೇ.

ಉಳಿದವರು

ಜೊತೆಗೆ ಇನ್ನೊಂದು ಕುದುರೆ ಇಲ್ಲವೆ ಕತ್ತೆ ಇದ್ದರೆ, ಸತ್ತುದನ್ನು ಅದಕ್ಕೆ ತೋರಿಸದೆ ಸಾಗಿಸಬೇಡಿರಿ. ಮೂಸಿ ನೋಡಲು ಸ್ವಲ್ಪ ಹೊತ್ತು ಬಿಡಿರಿ. ಹಾಗೆ ಬಿಡದೆ ಹೋದರೆ ಕೆಲವು ದಿನಗಟ್ಟಲೆ ಮೇವು ಬಿಟ್ಟು ಹುಡುಕುತ್ತ ಕೂಗುತ್ತವೆ. ಅಂಟುಬೇನೆಯಿಂದ ಸತ್ತಿದ್ದರೆ ಮಾತ್ರ ಹತ್ತಿರ ಬಿಡಬಾರದು. ಮಕ್ಕಳಿಗೆ, ಕುದುರೆ ಓಡಿಹೋಯಿತೆಂದು ಸುಳ್ಳು ಹೇಳಬೇಡಿರಿ. ಅವು ದಿನವೂ ಬಾಗಿಲು ನೋಡುತ್ತವೆ. ಸತ್ತಿತೆಂದು ಹೇಳಿ, ಒಂದು ಹಿಡಿ ಮಣ್ಣು ಹಾಕಲು ಬಿಡಿರಿ.

ಒಂದು ಪ್ರಾಣಿಗಾಗಿ ಅಳುವುದು ಗಂಡಸರಿಗೆ ಶೋಭೆಯೇ ಎಂದು ಕೇಳುವವರುಂಟು. ಅಂತಹವರಿಗೆ ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನು ನಾವು ನೆನಪಿಗೆ ತರುತ್ತೇವೆ. ಕ್ರಿ.ಶ. 949-50ರ ಹೊತ್ತಿನಲ್ಲಿ ಗಂಗರ ಬೂತುಗನ ಸೇವಕನಾಗಿದ್ದ ಮಣಲೆರ ಎಂಬ ವೀರ, ಯುದ್ಧದಲ್ಲಿ ಗೆದ್ದು ಬಂದಾಗ ಒಡೆಯನಿಂದ ಬೇಡಿ ಪಡೆದುದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕತ್ತಿ ಹಿಡಿದ ಕನ್ನಡಿಗನಿಗೆ ಸಾವಿರ ವರ್ಷದ ಹಿಂದೆ ನಾಯಿಗಾಗಿ ಮನಸ್ಸು ಕರಗಿದ್ದರೆ, ನೇಗಿಲು ಹಿಡಿದವನಿಗೆ ಕುದುರೆಗಾಗಿ ಕರಗುವುದರಲ್ಲಿ ನಾಚಿಕೆ ಏನು?

ನಮ್ಮ ಹಳ್ಳಿಗಳಲ್ಲಿ ಕಲ್ಲು ಕೆತ್ತಿಸುವ ಅನುಕೂಲ ಎಲ್ಲರಿಗೂ ಇರಲಾರದು. ಒಂದು ಬೇವಿನ ಸಸಿ ನೆಡಬಹುದು. ಅದಕ್ಕಿಂತ ಮೊದಲು, ಮನೆಯಲ್ಲಿ ಮುದಿ ತಟ್ಟು ಇರುವ ರೈತ ಬಾಂಧವರು ಸುಗ್ಗಿಗೆ ಊರು ಬಿಡುವ ಮುನ್ನ ಮೂರು ಕೆಲಸ ಮಾಡಿರಿ. ಹಲ್ಲು ತೋರಿಸಿರಿ. ಎರಡು ತಿಂಗಳ ಬೂಸಾ ಹುರುಳಿ ತೆಗೆದಿಟ್ಟು, ನೀರು ಹಾಕುವವರನ್ನು ಗೊತ್ತುಮಾಡಿರಿ. ಅದು ಬಿದ್ದರೆ ಯಾರು ಫೋನು ಮಾಡಬೇಕು, ಯಾವ ಹೊಲದಲ್ಲಿ ಹೂಳಬೇಕು ಎಂಬುದನ್ನು ಮನೆಯ ಹಿರಿಯರೊಡನೆ ಕುಳಿತು ಮೊದಲೇ ಮಾತಾಡಿಕೊಳ್ಳಿರಿ. ಇಷ್ಟು ಮಾಡಿ ಹೊರಟರೆ ಗುಂಟೂರಿನ ಮೆಣಸಿನಕಾಯಿ ಹೊಲದಲ್ಲಿ ದುಡಿಯುವಾಗಲೂ ಮನಸ್ಸು ಹಗುರವಾಗಿರುತ್ತದೆ.